ದೊರೆಸಾನಿಯ ಹಿಂಗಾಲು

ಬೆಳಿಗ್ಗೆ ಎಂಟು ಗಂಟೆಗೆ ದೊರೆಸಾನಿ ಎಡ ಹಿಂಗಾಲನ್ನು ನೆಲಕ್ಕೆ ಊರಿದಳು, ಏನೋ ನೆನಪಾದವಳಂತೆ ತಕ್ಷಣ ಎತ್ತಿಕೊಂಡಳು. ನಡೆದದ್ದು ಅಷ್ಟೇ. ಸಂಜೆಯ ಹೊತ್ತಿಗೆ ಒಬ್ಬರ ಬಿಳಿ ಬೂಟು ನೀಲಿಯಾದದ್ದು, ಒಂದು ಪೇರಲೆ ಮರ ಕೊಂಬೆ ಕಳೆದುಕೊಂಡದ್ದು, ಒಬ್ಬ ಅಳಿಯನ ಕಸುಬೇ ಕೈತಪ್ಪುವ ಹಾಗಾದದ್ದು, ಎಲ್ಲ ಆ ಒಂದು ಕಾಲಿನ ಮಹಿಮೆ.

ದೊರೆಸಾನಿ ಎಂದರೆ ಹಸು. ಹೆಸರಿಟ್ಟವರು ಮಾವ. ಆ ಮನೆಯಲ್ಲಿ ಅವಳನ್ನು ‘ಅದು’ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ‘ಅದು’ ಎಂದು ಮಾವ ಕರೆಯುತ್ತಿದ್ದದ್ದು ಜಗಲಿಯ ಮೇಲಿದ್ದ ಅಳಿಯನ ಅಂಗಡಿಯನ್ನು.

ಅಳಿಯ ವಾಚ್ ರಿಪೇರಿಯವನು. ಬೀದಿಯವರ ಬಾಯಲ್ಲಿ ವಾಚಿನವನು. ಮನೆ ಅಳಿಯನಾಗಿ ಬಂದು ಆರು ವರ್ಷವಾಗಿತ್ತು. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಮಾತಿನ ಎರಡೂ ತುದಿಯಲ್ಲಿ ನಿಂತು ನೋಡಿದವನು ಅವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಸಾಸಿವೆಗಿಂತ ಸಣ್ಣ ತಿರುಪಿನ ಮೇಲಿನ ಗೀರೂ ಅವನಿಗೆ ಕಾಣುತ್ತಿತ್ತು. ಒಂದೂವರೆ ಅಡಿಯಿಂದ ಆಚೆ ಇರುವುದೆಲ್ಲ ಅವನ ಪಾಲಿಗೆ ಬರೀ ಸುದ್ದಿ. ಜಗಲಿಯ ಅಂಗಡಿಯಲ್ಲಿ ಗಾಳಿ ಬಂದರೆ ಮುಳ್ಳು ಹಾರುತ್ತಿತ್ತು, ಮಳೆ ಬಂದರೆ ಗಿರಾಕಿ ಹಾರುತ್ತಿದ್ದ. ಒಮ್ಮೆ ಅವನೇ ಸೀನಿದ್ದಕ್ಕೆ ಒಂದು ಇಡೀ ಗಡಿಯಾರ ಮೂರು ದಿನ ಬೀದಿಯಲ್ಲಿ ಚದುರಿಹೋಗಿತ್ತು.

ಅವನ ಕಣ್ಣಿದ್ದದ್ದು ಮುಂದಿನ ಕೋಣೆಯ ಮೇಲೆ. ಬೀದಿಗೆ ತೆರೆಯುವ ಜೋಡಿ ಬಾಗಿಲು, ಎರಡು ಕಿಟಕಿ, ಬೇಕಾದಷ್ಟು ಬೆಳಕು. ಒಳಗೆ ದೊರೆಸಾನಿಯ ಬೂಸಾ ಮೂಟೆಗಳು. ಆ ಮೂಟೆಗಳ ನಡುವೆ ಉಳಿದ ನೆಲದಲ್ಲಿ, ಯಾರೂ ಇಲ್ಲದ ಒಂದು ಮಧ್ಯಾಹ್ನ, ಅವನು ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿಟ್ಟಿದ್ದ. ಆರಡಿ ಉದ್ದ, ಮೂರಡಿ ಅಗಲ. ಗಾಜಿನ ಮೇಜಿಗೆ ಜಾಗ. ದಿನಕ್ಕೊಂದು ಸಲ ಹೋಗಿ ಆ ಗೆರೆಗಳನ್ನು ನೋಡಿಬಂದರೆ ಅವನಿಗೆ ಊಟ ರುಚಿಸುತ್ತಿತ್ತು.

ವಾರದ ಹಿಂದೆ ಮಾವ ಟ್ರಂಕು ಹಿಡಿದು ಹೊರಟು ನಿಂತಿದ್ದರು.

“ಎಲ್ಲಿಗೆ ಮಾವ?”

“ಕೆಲಸ ಇದೆ.”

ಮಾವನ ಮಾತು ತಂತಿ ಕಳಿಸುವವರ ಮಾತಿನ ಹಾಗೆ. ಆದರೆ ಅಂದು ಬಾಗಿಲ ಬಳಿ ತಿರುಗಿ ನಿಂತು ಒಂದು ಇಡೀ ವಾಕ್ಯ ಹೇಳಿದರು. “ದೊರೆಸಾನಿಯನ್ನ ಹೇಗೆ ಬಿಟ್ಟು ಹೋಗ್ತಿದ್ದೀನೋ ಬಂದಾಗ ಹಾಗೇ ಇರಬೇಕು. ಒಂಚೂರು ಹೆಚ್ಚೂ ಆಗಬಾರದು, ಕಮ್ಮಿನೂ ಆಗಬಾರದು. ಹಾಗಿದ್ರೆ ಮುಂದಿನ ಕೋಣೆ ವಿಷಯ ಮಾತಾಡೋಣ.”

ಇಷ್ಟು ಮಾತು ಅವರ ಬಾಯಿಂದ ಬಂದದ್ದೇ ಹೆಚ್ಚು. ಏಕೆಂದರೆ ತಿಂಗಳಿಂದ ಮಾವ-ಅಳಿಯರ ನಡುವೆ ಒಂದು ವಾಚು ಅಡ್ಡ ನಿಂತಿತ್ತು. ಮಾವ ತಮ್ಮ ಹಳೆಯ ಕೈಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದರು. ಅಳಿಯ ನೋಡಿದಾಗ ಕೀ ಕೊಡುವ ಗುಂಡಿಯೇ ಇರಲಿಲ್ಲ. “ಗುಂಡಿ ಬಿದ್ದುಹೋಗಿದೆ ಮಾವ” ಎಂದ. “ನಾನು ಕೊಟ್ಟಾಗ ಇತ್ತು” ಎಂದರು ಮಾವ. ಅಲ್ಲಿಂದ ಮುಂದೆ, ನಲವತ್ತು ಗಡಿಯಾರ ಟಿಕ್ ಟಿಕ್ ಎನ್ನುವ ಜಗಲಿಯ ಮೇಲೆ ನಿಂತುಕೊಂಡೇ ಮಾವ ಬೀದಿಯಲ್ಲಿ ಹೋಗುವವರನ್ನು ಕರೆದು “ಗಂಟೆ ಎಷ್ಟು?” ಎಂದು ಕೇಳತೊಡಗಿದ್ದರು.

ಮಾವ ಹಿಂದಿರುಗುವ ದಿನ ಇವತ್ತು. ಸಂಜೆ ನಾಲ್ಕೂವರೆಯ ಬಸ್ಸಿಗೆ.

ಬೆಳಿಗ್ಗೆ ಆಸ್ಪತ್ರೆಯ ಪಾಳಿಗೆ ಹೊರಟ ಹೆಂಡತಿ, ಅವಳು ನರ್ಸು, ಚಪ್ಪಲಿ ಮೆಟ್ಟುತ್ತ ಹೇಳಿದ್ದಳು. “ರೀ, ಹಾಲು ಕರೆದಿದ್ದೀನಿ, ಹುಲ್ಲು ಹಾಕಿದ್ದೀನಿ. ನೀರೊಂದು ಇಡಿ. ದೊರೆಸಾನೀನ ಅವಳ ಪಾಡಿಗೆ ಬಿಡಿ. ಏನೂ ಮಾಡೋಕೆ ಹೋಗಬೇಡಿ.”

ಗಂಡನಿಗೆ ಕೇಳಿಸಿದ್ದು ‘ನೀರು’ ಎಂಬ ಮಾತು ಮಾತ್ರ. ಮಾವ ಬರುವ ದಿನ ದೊರೆಸಾನಿ ಮಿಂಚಬೇಡವೇ? ಸ್ನಾನ ಮಾಡಿಸೋಣವೆಂದು ಕೊಟ್ಟಿಗೆಯಿಂದ ಬಿಚ್ಚಿ ಹಿತ್ತಲಿಗೆ ತಂದ. ನಾಲ್ಕು ಹೆಜ್ಜೆ. ಮೂರು ಹೆಜ್ಜೆ ರಾಣಿಯದು, ನಾಲ್ಕನೆಯದು ಕಲ್ಲಿನ ಮೇಲೆ ಬರಿಗಾಲಿಟ್ಟವರದು.

ವಾಚಿನವನ ಎದೆ ಒಂದು ಟಿಕ್ ತಪ್ಪಿಸಿತು. ಅವನ ಕಣ್ಣು ನೆಲಕ್ಕೆ ಹೋಯಿತು. ನೆಲದ ತುಂಬ ಜಲ್ಲಿಕಲ್ಲು. ಹಾಕಿಸಿದವನು ಅವನೇ. ಹಿತ್ತಲಿನ ಕೆಸರು ಕಂಡು, ಮಾವ ಹೋದ ಮರುದಿನವೇ, ಮಾವ ಮೆಚ್ಚಲಿ ಎಂದು ಒಂದು ಗಾಡಿ ಜಲ್ಲಿ ಹರಡಿಸಿದ್ದ. ಮೆಚ್ಚುಗೆ ಈಗ ಮೂರು ಕಾಲಿನ ಮೇಲೆ ಎದುರಿಗೆ ನಿಂತಿತ್ತು.

“ತಮ್ಮಾ, ಹಸು ಕುಂಟ್ತಿದೆಯಲ್ಲ?”

ದನಿ ಬಂದದ್ದು ಮೇಲಿನಿಂದ. ಪಕ್ಕದ ಮನೆಯ ಮಹಡಿಯ ಕಿಟಕಿಯಲ್ಲಿ ಕಿಟಕಿ ಅಕ್ಕ. ಆಕೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೀದಿಯಲ್ಲಿ ಎಲೆ ಉದುರಿದರೆ ಅದು ಯಾವ ಮರದ್ದು, ಯಾಕೆ ಉದುರಿತು, ಮೊದಲೇ ಉದುರಬೇಕಿತ್ತೇ ಎಂಬುದೆಲ್ಲ ಆಕೆಯ ಬಳಿ ತಯಾರಿರುತ್ತಿತ್ತು.

“ಇಲ್ಲ ಅಕ್ಕ, ಸುಮ್ಮನೆ ಕಾಲು ಎತ್ತಿದ್ದಾಳೆ.”

“ಸುಮ್ಮನೆ ಯಾರಪ್ಪ ಕಾಲೆತ್ತುತ್ತಾರೆ? ಆ ಜಲ್ಲಿ ಹಾಕಿದ ದಿನಾನೇ ಅಂದ್ಕೊಂಡೆ. ನಿನ್ನ ಮಾವ ಇವತ್ತೇ ಅಲ್ವಾ ಬರೋದು? ತಡಿ, ಯಾರನ್ನಾದ್ರೂ ಕರೀತೀನಿ.”

“ಬೇಡ ಅಕ್ಕ” ಎನ್ನುವಷ್ಟರಲ್ಲಿ ಕಿಟಕಿ ಖಾಲಿಯಾಗಿತ್ತು.

ಹತ್ತು ನಿಮಿಷದಲ್ಲಿ ಹಿತ್ತಲು ತುಂಬಿತು. ಮುಂದೆ ನಿಂತವರು ಇಬ್ಬರು. ಒಬ್ಬರು ನಿವೃತ್ತ ಡ್ರಿಲ್ ಮಾಸ್ತರು. ಶಾಲೆ ಬಿಟ್ಟು ಎಂಟು ವರ್ಷವಾದರೂ ಕೊರಳಲ್ಲಿ ಸೀಟಿ, ಕಾಲಲ್ಲಿ ಹಾಲಿಗಿಂತ ಬೆಳ್ಳಗಿನ ಕ್ಯಾನ್ವಾಸ್ ಬೂಟು. ಇನ್ನೊಬ್ಬ ಮೂಲೆಮನೆಯ ಬಡಗಿ. ಕಿವಿಯಲ್ಲಿ ಸೀಸದ ಕಡ್ಡಿ, ಬಾಯಲ್ಲಿ ಎರಡು ಮೊಳೆ. ಮಾತಾಡಬೇಕಾದಾಗ ಮಾತ್ರ ಮೊಳೆ ತೆಗೆಯುತ್ತಿದ್ದ. ಅವನ ಮಾತಿಗೂ ಮೊಳೆಗೂ ಅಂಥ ವ್ಯತ್ಯಾಸವಿರಲಿಲ್ಲ.

“ನಡೆಸಿ ನೋಡೋಣ” ಎಂದರು ಮಾಸ್ತರು. ಸೀಟಿ ಊದಿದರು. “ಎಡ, ಬಲ. ಎಡ, ಬಲ.”

ದೊರೆಸಾನಿಗೆ ನಾಲ್ಕು ಕಾಲು. ಮಾಸ್ತರರ ವಿದ್ಯೆ ಎರಡಕ್ಕೇ ಮುಗಿಯುತ್ತಿತ್ತು. ಆದರೂ ಅವರು ಎದೆಗುಂದಲಿಲ್ಲ. “ಮುಂದಿನ ಬಲಗಾಲು. ತಲೆ ಅಲ್ಲಾಡಿಸ್ತಿದ್ದಾಳೆ ನೋಡಿ. ಭುಜ ಉಳುಕಿದೆ. ಓಟದ ಹುಡುಗರಲ್ಲಿ ನೂರು ಸಲ ನೋಡಿದ್ದೀನಿ.”

ಬಡಗಿ ಮೊಳೆ ತೆಗೆದ. “ನೀವು ಸೀಟಿ ಊದಿದ್ದಕ್ಕೆ ತಲೆ ಅಲ್ಲಾಡಿಸಿದ್ದು ಮಾಸ್ತರೇ. ನನಗೂ ಅಲ್ಲಾಡ್ತು. ಇದು ಹಿಂದಿನ ಎಡಗಾಲು. ಕುರ್ಚಿ ಅಲ್ಲಾಡಿದ್ರೆ ಏನು ಮಾಡ್ತೀವಿ? ಗಿಡ್ಡ ಕಾಲಿಗೆ ಬೆಣೆ ಕೊಡ್ತೀವಿ.”

“ಹಸು ಕುರ್ಚಿಯೇನಯ್ಯಾ?”

“ನಾಲ್ಕು ಕಾಲು ಇದೆಯಲ್ಲ. ನೀವು ಎರಡು ಕಾಲಿನವರ ಲೆಕ್ಕದಲ್ಲಿ ಮಾತಾಡ್ತಿದ್ದೀರಿ, ನಾನಾದ್ರೂ ಹತ್ತಿರ ಇದ್ದೀನಿ.”

ಕಿಟಕಿ ಅಕ್ಕ ಕೆಳಗಿಳಿದು ಬಂದಿದ್ದಳು. ಬೀದಿಯ ಮಟ್ಟಿಗೆ ಅದೇ ದೊಡ್ಡ ಸುದ್ದಿ. “ಸೊಂಟ ಅಂತೀನಿ ನಾನು. ನಮ್ಮತ್ತೆಗೂ ಹೀಗೇ ಆಗಿತ್ತು. ಥೇಟ್ ಇದೇ ನಡಿಗೆ.”

ಮೂವರೂ ಮೂರು ಜಾಗಕ್ಕೆ ಕೈಹಾಕಿದರು. ದೊರೆಸಾನಿ ಬಾಲದಿಂದ ಮೂವರಿಗೂ ಒಂದೊಂದು ಕೊಟ್ಟಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇಲ್ಲಿ ಎಳೆಯುವವರು ಮೂವರು, ಹಗ್ಗ ಹಿಡಿದವನು ಒಬ್ಬ. ವಾಚಿನವನು ಹೆಂಡತಿಗೆ ಫೋನು ಮಾಡಿದ. ಪಾಳಿ ಮುಗಿಯುವ ತನಕ ಅವಳ ಫೋನು ಬೀರುವಿನಲ್ಲಿರುತ್ತದೆ ಎಂಬುದು ಆರನೆಯ ಸಲ ರಿಂಗಾದ ಮೇಲೆ ನೆನಪಾಯಿತು. ಹಗ್ಗವನ್ನು ಬಡಗಿಯ ಕೈಗಿಟ್ಟು, “ನಾನು ಬರೋ ತನಕ ಯಾರೂ ಏನೂ ಮಾಡಬೇಡಿ” ಎಂದು ಬೇಡಿಕೊಂಡು, ಸೈಕಲ್ಲು ಹತ್ತಿ ದನದ ಆಸ್ಪತ್ರೆಗೆ ಓಡಿದ.

ಆಸ್ಪತ್ರೆಯ ಬಾಗಿಲಿಗೆ ಬೀಗ. ಬೀಗದ ಮುಂದೆ ಕುರ್ಚಿ. ಕುರ್ಚಿಯಲ್ಲಿ ಕಾಂಪೌಂಡರು.

“ಡಾಕ್ಟರು ಇಲ್ವಾ?”

“ವಾರದಿಂದ ಇಲ್ಲ. ತರಬೇತಿ ಶಿಬಿರ ನಡೆಸ್ತಿದ್ದಾರೆ. ಸಂಜೆ ಬರ್ತಾರೆ.”

“ಏನು ತರಬೇತಿ?”

“ಗೊರಸಿನ ಕಾಯಿಲೆ. ಗೊರಸು ಕೆತ್ತೋದು ಹೇಗೆ ಅಂತ. ಕಲಿಸೋರು, ಕಲಿಯೋರು ಎಲ್ಲ ಅಲ್ಲಿದ್ದಾರೆ. ಕುಂಟೋ ದನ ಎಲ್ಲ ಇಲ್ಲಿದೆ.”

“ನೀವಾದ್ರೂ ಬನ್ನಿ ಅಣ್ಣಾ. ಸಂಜೆ ನಾಲ್ಕೂವರೆಗೆ ನನ್ನ ಮಾವ ಬರ್ತಾರೆ.”

“ನಾನು ಹೇಗೆ ಬರ್ಲಿ? ಬಾಗಿಲು ಕಾಯಬೇಕಲ್ಲ.”

“ಬೀಗ ಹಾಕಿದೆಯಲ್ಲ?”

“ಬೀಗ ಇದೆ ಅಂತ ಹೇಳೋಕೆ ಒಬ್ಬರು ಬೇಡ್ವಾ?”

ಆದರೆ ಕಾಂಪೌಂಡರು ಕೆಟ್ಟವನಲ್ಲ. ಇಪ್ಪತ್ತೆರಡು ವರ್ಷ ಡಾಕ್ಟರರ ಹಿಂದೆ ಟಾರ್ಚು ಹಿಡಿದು ನಿಂತವನು. ನಡಿಗೆ ಹೇಗಿದೆ ಎಂದು ಕೇಳಿದ. ವಾಚಿನವನು ಆಸ್ಪತ್ರೆಯ ಅಂಗಳದಲ್ಲೇ ಕುಂಟಿ ತೋರಿಸಿದ.

“ಬೆನ್ನು?”

ವಾಚಿನವನು ಬೆನ್ನು ಬಗ್ಗಿಸಿ ಇನ್ನೊಂದು ಸುತ್ತು ಹಾಕಿದ.

“ಸಾಕು, ಗೊತ್ತಾಯ್ತು. ನಡೆಯುವಾಗ ಬೆನ್ನು ಬಿಲ್ಲಿನ ಹಾಗೆ ಆದ್ರೆ ನೋವು ಗೊರಸಲ್ಲೇ. ಜನ ಭುಜ ತಿಕ್ತಾರೆ, ಸೊಂಟ ಒತ್ತುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಕಳ್ಳ ಇರೋದು ಅಂಗಾಲಲ್ಲಿ. ತಗೋ, ಇದು ಮೈಲುತುತ್ತ. ನೀರಿಗೆ ಹಾಕಿ ಅದರಲ್ಲಿ ಕಾಲು ನಿಲ್ಲಿಸು. ಆಮೇಲೆ ಕಾಲು ಎತ್ತಿ ಕಟ್ಟಿ, ಗೊರಸಿನ ಅಡಿ ತೊಳೆದು ನೋಡು. ಕಪ್ಪು ಚುಕ್ಕೆ ಕಂಡ್ರೆ ಅಲ್ಲೇ ಕೀವು ಇರುತ್ತೆ. ಹೊರಗೆ ಬಿಟ್ರೆ ಅರ್ಧ ನೋವು ಅಲ್ಲೇ ಹೋಯ್ತು. ಇನ್ನೊಂದು ಮಾತು. ಗೊರಸು ಎರಡು ಹೋಳು, ಅಲ್ವಾ? ನೋವಿಲ್ಲದ ಹೋಳಿಗೆ ಮರದ ಅಟ್ಟೆ ಅಂಟಿಸು. ಆಗ ನೋವಿರೋದು ನೆಲ ಮುಟ್ಟಲ್ಲ.”

“ಒಳ್ಳೇ ಹೋಳಿಗಾ?”

“ಒಳ್ಳೇದಕ್ಕೇ. ಮನೇಲಿ ಕೆಲಸ ಮಾಡೋನ ಮೇಲೇ ಇನ್ನಷ್ಟು ಭಾರ ಹಾಕಲ್ವಾ? ಹಾಗೆ. ಮತ್ತೆ, ಒದೆ ಬೀಳೋ ಕಡೆ ನಿಲ್ಲಬೇಡ.”

“ಒದೆ ಬೀಳೋ ಕಡೆ ಯಾವುದು?”

“ಬಿದ್ದ ಮೇಲೆ ಗೊತ್ತಾಗುತ್ತೆ.”

ವಾಚಿನವನು ಮರಳಿ ಬರುವಷ್ಟರಲ್ಲಿ ಯಾರೂ ಏನೂ ಮಾಡದೆ ಇರಲಿಲ್ಲ. ದೊರೆಸಾನಿಯ ಬಲಭುಜಕ್ಕೆ ಮಾಸ್ತರು ಬಿಸಿನೀರಿನ ಬಟ್ಟೆ ಕಟ್ಟಿದ್ದರು. ಸೊಂಟದ ಮೇಲೆ ಅಕ್ಕನ ನೋವಿನ ಮುಲಾಮು ಘಮಘಮಿಸುತ್ತಿತ್ತು. ಬಡಗಿ ಮುಂಗಾಲು ಹಿಂಗಾಲುಗಳ ಎತ್ತರ ಅಳೆದು ಗೋಡೆಯ ಮೇಲೆ ಬರೆದಿದ್ದ. ದೊರೆಸಾನಿ ಮದುವೆಗೆ ಅಲಂಕಾರ ಮಾಡಿಸಿಕೊಂಡು ವರನೇ ಬಾರದವಳಂತೆ ನಿಂತಿದ್ದಳು. ಜಗಲಿಯ ಮೇಲಿನ ಗಡಿಯಾರಗಳು ಹನ್ನೆರಡು ಹೊಡೆದವು. ಒಟ್ಟಿಗಲ್ಲ. ಒಂದಾದ ಮೇಲೊಂದು, ಹತ್ತು ನಿಮಿಷ.

“ಗೊರಸು” ಎಂದ ವಾಚಿನವನು ಏದುಸಿರು ಬಿಡುತ್ತ. “ಕಾಂಪೌಂಡರು ಹೇಳಿದ್ದು, ಗೊರಸು.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ” ಎಂದಳು ಅಕ್ಕ.

ಬಟ್ಟೆ ತೊಳೆಯುವ ದೊಡ್ಡ ಪ್ಲಾಸ್ಟಿಕ್ ಟಬ್ಬು ಬಂತು. ಹೆಂಡತಿ ಹೋದ ವಾರವಷ್ಟೇ ಕೊಂಡದ್ದು. ನೀರಿಗೆ ಮೈಲುತುತ್ತ ಬಿದ್ದದ್ದೇ ಟಬ್ಬಿನೊಳಗೆ ನವಿಲಿನ ಕುತ್ತಿಗೆ ಬಂದು ಕೂತಂತಾಯಿತು. ದೊರೆಸಾನಿಯನ್ನು ಹಿಂದಕ್ಕೆ ತಳ್ಳಿದರು. ಅವಳು ಬಲ ಹಿಂಗಾಲಿಟ್ಟಳು. ತೆಗೆಸಿ ತಿರುಗಿಸಿದರು. ಬಲ ಮುಂಗಾಲಿಟ್ಟಳು. ಇನ್ನೊಮ್ಮೆ ತಿರುಗಿಸಿದರು. ಎಡ ಮುಂಗಾಲಿಟ್ಟಳು. ಮೂರು ಒಳ್ಳೆಯ ಕಾಲಿಗೂ ಔಷಧಿಯಾಯಿತು. ನಾಲ್ಕನೆಯದನ್ನು ಮಾತ್ರ ಸೀರೆಯ ನಿರಿಗೆ ಎತ್ತಿ ಹಿಡಿದವಳಂತೆ ಮೇಲೆ ಹಿಡಿದುಕೊಂಡಳು.

“ಶಿಸ್ತು ಬೇಕು” ಎಂದು ಮಾಸ್ತರು ಮುಂದೆ ಬಂದರು. ಸೀಟಿ ಬಾಯಲ್ಲಿಟ್ಟು ಅವಳ ತೊಡೆಗೆ ಭುಜ ಕೊಟ್ಟು ತಳ್ಳಿದರು. ಅವಳು ಅವರ ಕಡೆಗೇ ಒಂದು ಹೆಜ್ಜೆ ಸರಿದಳು. ಮುಂದಿನ ಕ್ಷಣ ಟಬ್ಬಿನಲ್ಲಿ ನಿಂತಿದ್ದವರು ಮಾಸ್ತರು, ಎರಡೂ ಕಾಲು ಒಳಗೆ, ಸಾವಧಾನ್ ಭಂಗಿಯಲ್ಲಿ. ಸೀಟಿ ತಾನಾಗಿ ಕೂಗಿತು.

ಹೊರಗೆ ಬಂದಾಗ ಬೂಟು ನೀಲಿ. ಬೀದಿಯವರು ಅವರನ್ನು ಬೇರೆ ಬಣ್ಣದಲ್ಲಿ ನೋಡಿದ್ದೇ ಇಲ್ಲ.

ಬಡಗಿ ಮೊಳೆ ತೆಗೆದ. “ಮಾಸ್ತರೇ, ಇನ್ನು ನಿಮ್ಮ ಗೊರಸಿಗೆ ಏನೂ ಆಗಲ್ಲ ಬಿಡಿ.”

ಗಂಟೆ ಎರಡಾಯಿತು. ಈಗ ಕಾಲು ಎತ್ತಿ ಕಟ್ಟುವ ಕೆಲಸ. ಇದು ನನ್ನ ಇಲಾಖೆ ಎಂದು ಬಡಗಿ ಪೇರಲೆ ಮರದ ಕೊಂಬೆಗೆ ರಾಟೆ ಬಿಗಿದ. ದೊರೆಸಾನಿಯ ಹಿಂಗಾಲಿಗೆ ಅಗಲವಾದ ಪಟ್ಟಿ ಸುತ್ತಿ, ಹಗ್ಗ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಮಾಸ್ತರರಿಗೂ ನಾಲ್ಕು ಜನ ನೆರೆಯವರಿಗೂ ಕೊಟ್ಟ. “ಒಂದು, ಎರಡು” ಎಂದರು ಮಾಸ್ತರು. ‘ಮೂರು’ ಹೇಳಿದ್ದು ದೊರೆಸಾನಿ. ಕಾಲನ್ನು ಒಮ್ಮೆ ಝಾಡಿಸಿದಳು. ಕೊಂಬೆ ಲಟಕ್ಕೆಂದು ಮುರಿಯಿತು, ಐದೂ ಜನ ಜಲ್ಲಿಯ ಮೇಲೆ ಸಾಲಾಗಿ ಕೂತರು, ಅವರ ತಲೆಯ ಮೇಲೆ ಪೇರಲೆಕಾಯಿ ತಪತಪ ಉದುರಿದವು. ದೊರೆಸಾನಿ ಮೂರು ಕಾಲಲ್ಲಿ ಕುಪ್ಪಳಿಸಿ ಬಂದು ಕಾಯಿ ತಿನ್ನಲು ನಿಂತಳು.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಿ” ಎಂದಳು ಅಕ್ಕ.

ಹಗ್ಗ ಈ ಸಲ ಕೊಟ್ಟಿಗೆಯ ತೊಲೆಗೆ ಏರಿತು. ತೊಲೆ ಬಗ್ಗಲಿಲ್ಲ. ಮುಂದೆ ಅಕ್ಕ ಒಂದೊಂದೇ ಪೇರಲೆಕಾಯಿ ಕೊಡುತ್ತ ಕಿವಿಯಲ್ಲಿ ಇಡೀ ಬೀದಿಯ ಸುದ್ದಿ ಹೇಳತೊಡಗಿದಳು. ದೊರೆಸಾನಿ ಕಿವಿ ನಿಮಿರಿಸಿ ಕೇಳುತ್ತ ಕಾಲಿನ ವಿಷಯ ಮರೆತಳು. ಕಾಲು ಮೇಲೇರಿತು. ಗೊರಸು ಆಕಾಶ ನೋಡಿತು.

ಎಲ್ಲರೂ ಬಗ್ಗಿ ನೋಡಿದರು. ಯಾರಿಗೂ ಏನೂ ಕಾಣಲಿಲ್ಲ.

“ಮೂರೂ ಹತ್ತು” ಎಂದ ಯಾರೋ.

ವಾಚಿನವನಿಗೆ ಸುಣ್ಣದ ಗೆರೆಗಳು ಕಣ್ಣೆದುರು ಬಂದವು. ಇನ್ನೇನು, ಮಾವ ಬಂದು ಒಂದೇ ನೋಟ ನೋಡುತ್ತಾರೆ, ಬಾಯಿ ಬಿಡುವುದೂ ಇಲ್ಲ, ಆ ಗೆರೆಗಳ ಮೇಲೆ ಇನ್ನೆರಡು ಮೂಟೆ ಬೂಸಾ ಬೀಳುತ್ತದೆ. ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಅವನು ಜಗಲಿಗೆ ಓಡಿ ತನ್ನ ಡಬ್ಬಿ ತಂದ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮಣೆಯ ಮೇಲೆ ಕೂತು ಗೊರಸಿನ ಹತ್ತಿರ ಮುಖ ತಂದ.

ಒಂದೂವರೆ ಅಡಿಯ ಒಳಗೆ ಬಂದಿದ್ದ. ಈಗ ಅದು ಅವನ ಲೋಕ.

ಹೊರಗಿನ ಹೋಳಿನ ಅಂಚಿನಲ್ಲಿ, ಗಟ್ಟಿ ಉಗುರೂ ಮೆತ್ತನೆಯ ಅಂಗಾಲೂ ಕೂಡುವ ಬಿಳಿಗೆರೆಯ ಮೇಲೆ, ಒಂದು ಕಪ್ಪು ಚುಕ್ಕೆ. ಚುಕ್ಕೆಯ ನಡುವೆ ಏನೋ ಮಿಣುಕು. ಸಣ್ಣ ಚಾಕುವಿನ ತುದಿಯಿಂದ ಸುತ್ತಲಿನ ಕೊಳೆಯನ್ನು, ಸತ್ತ ಉಗುರನ್ನು ಕೂದಲೆಳೆಯಷ್ಟೇ ಕೆರೆದ. ಅತಿ ಸಣ್ಣ ಚಿಮುಟದಿಂದ ಆ ಮಿಣುಕನ್ನು ಹಿಡಿದ. ಎಳೆದ. ಚಿಳ್ಳೆಂದು ಕೀವು ಹಾರಿ ಅವನ ಭೂತಗನ್ನಡಿಗೆ, ಮೂಗಿಗೆ, ಅಂಗಿಗೆ ಬಿತ್ತು. ಹದಿನೈದು ವರ್ಷದ ಕಸುಬಿನಲ್ಲಿ ಯಾವ ವಾಚೂ ಅವನಿಗೆ ಹೀಗೆ ಮಾಡಿರಲಿಲ್ಲ.

“ಬಂತಾ? ಕಲ್ಲು ಬಂತಾ?” ಎಂದು ಎಲ್ಲರೂ ಮುಗಿಬಿದ್ದರು.

ಕಲ್ಲಲ್ಲ. ಜಲ್ಲಿಯ ಚೂರೂ ಅಲ್ಲ. ಒರೆಸಿ ಬೆಳಕಿಗೆ ಹಿಡಿದ. ಹಿತ್ತಾಳೆಯ ಪುಟ್ಟ ತಲೆ, ಅಂಚಿನ ಸುತ್ತ ಹಲ್ಲು, ಕೆಳಗೆ ಸೂಜಿಯಂಥ ಉಕ್ಕಿನ ಕಡ್ಡಿ. ಕೀ ಕೊಡುವ ಗುಂಡಿ. ಅವನಿಗೆ ಮಾತ್ರ ಗೊತ್ತಾಗುವಂತೆ, ಯಾವ ವಾಚಿನದೆಂದೂ ಗೊತ್ತಾಯಿತು.

“ಮಾವನ ಗುಂಡಿ” ಎಂದ. “ನಾನು ಕಳೆದಿರಲಿಲ್ಲ. ಕೊಟ್ಟಿಗೆಯಲ್ಲಿ ಬಿದ್ದಿತ್ತು. ಇವಳು ತುಳಿದಿದ್ದಾಳೆ. ಒಂದು ತಿಂಗಳಿಂದ...”

ಒಂದು ತಿಂಗಳಿಂದ ಎಂಬ ಮಾತು ಅವನ ತಲೆಯಲ್ಲಿ ಏನೋ ತಿರುವು ತೆಗೆದುಕೊಳ್ಳಲು ಹೊರಟಿತ್ತು. ಅಷ್ಟರಲ್ಲಿ ಬಡಗಿ ಮರದ ಅಟ್ಟೆ ಹಿಡಿದು ಬಂದ. “ಯಾವ ಕಡೆಗೆ ಅಂಟಿಸ್ಲಿ?”

“ಒಳಗಿನ ಹೋಳಿಗೆ. ನೋವಿಲ್ಲದ್ದಕ್ಕೆ.”

ಬಡಗಿಯ ಮುಖ ಕಪ್ಪಾಯಿತು. “ಮೂವತ್ತು ವರ್ಷದಲ್ಲಿ ಒಳ್ಳೇ ಕಾಲಿಗೆ ಬೆಣೆ ಕೊಟ್ಟವನಲ್ಲ ನಾನು. ಈ ವಿಷಯ ಬೀದಿಯಿಂದ ಆಚೆ ಹೋಗಬಾರದು.” ಅಕ್ಕನ ಕಡೆ ನೋಡಿದ. ಅಕ್ಕ ಆಕಾಶ ನೋಡಿದಳು.

ಗೊರಸು ತೊಳೆದು ಒರೆಸಿ, ಅಟ್ಟೆ ಅಂಟಿಸಿ, ಅದು ಹಿಡಿಯುವ ತನಕ ಕಾದು ಹಗ್ಗ ಸಡಿಲಿಸಿದರು. ದೊರೆಸಾನಿ ಕಾಲು ಕೆಳಗಿಟ್ಟಳು. ಎತ್ತಿಕೊಳ್ಳುತ್ತಾಳೆಂದು ಎಲ್ಲರೂ ಕಾದರು. ಎತ್ತಿಕೊಳ್ಳಲಿಲ್ಲ. ಒಂದು ಹೆಜ್ಜೆ. ಇನ್ನೊಂದು. ಬೆನ್ನು ನೆಟ್ಟಗೆ. ಹಿತ್ತಲಿನಲ್ಲಿ ಒಂದು ಸುತ್ತು ಹೋಗಿ ಬಂದು ಮಾಸ್ತರರ ಮುಂದೆ ನಿಂತಳು. ಮಾಸ್ತರು ತಮಗೇ ಅರಿವಿಲ್ಲದೆ ಸಲಾಮು ಹೊಡೆದರು. ಬಡಗಿ ಅವರನ್ನು ಅಪ್ಪಿಕೊಂಡ. ಅಕ್ಕ ಕಣ್ಣೊರೆಸಿಕೊಂಡು, “ನಾನು ಹೇಳಿದ ಹಾಗೇ ಆಯ್ತು” ಎಂದಳು. ವಾಚಿನವನು ಗುಂಡಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಿ ಬದಲಿಸಲು ಒಳಗೆ ಓಡಿದ. ದಾರಿಯಲ್ಲಿ ಮುಂದಿನ ಕೋಣೆಯ ಬಾಗಿಲು ತೆರೆದು ಗೆರೆಗಳನ್ನೊಮ್ಮೆ ನೋಡಿದ. ಗಾಜಿನ ಮೇಜು ಆಗಲೇ ಹೊಳೆಯುತ್ತಿತ್ತು.

ನಾಲ್ಕೂವರೆಗೆ ಬಂದದ್ದು ಬಸ್ಸಲ್ಲ, ಒಂದು ವ್ಯಾನು. ಮುಂದಿನಿಂದ ದನದ ಡಾಕ್ಟರು ಇಳಿದರು. ಹಿಂದಿನಿಂದ ಮಾವ ಇಳಿದರು. ಅವರ ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು, ಹೂಕೋಸಿನ ಗಾತ್ರದ್ದು. ಅವರ ಹಿಂದೆ ವಾಚಿನವನ ಹೆಂಡತಿ. ದಾರಿಯಲ್ಲಿ ಆಸ್ಪತ್ರೆಯ ಮುಂದೆ ಹತ್ತಿಸಿಕೊಂಡು ಬಂದಿದ್ದರು. ವ್ಯಾನಿನ ತಲೆಯ ಮೇಲೆ ಕಬ್ಬಿಣದ ಕೊಳವೆಗಳ ಒಂದು ದೊಡ್ಡ ಚೌಕಟ್ಟು.

ಮಾವ ನೆರೆದವರನ್ನು ನೋಡಿದರು. “ಎಲ್ಲರೂ ಇಲ್ಲೇ ಇದ್ದೀರಿ. ಒಳ್ಳೇದು” ಎಂದರು. ಆಮೇಲೆ ನಡೆದಂಥದ್ದನ್ನು ಬೀದಿ ಹಿಂದೆಂದೂ ಕಂಡಿರಲಿಲ್ಲ. ಮಾವ ಭಾಷಣ ಮಾಡಿದರು. “ಒಂದು ತಿಂಗಳಿಂದ ನಮ್ಮ ದೊರೆಸಾನಿ ಕುಂಟ್ತಿದ್ದಾಳೆ.”

ವಾಚಿನವನಿಗೆ ಕಿವಿಯಲ್ಲಿ ಏನೋ ಕಳಚಿ ಬಿದ್ದಂತಾಯಿತು.

“ಈ ವಯಸ್ಸಿನಲ್ಲಿ ಪಾಠ ಕಲಿಯೋಕೆ ಹೋದೆ ಅಂದ್ರೆ ನಗ್ತೀರಿ ಅಂತ ಯಾರಿಗೂ ಹೇಳಿರಲಿಲ್ಲ. ವಾರ ಕೂತು ಗೊರಸು ನೋಡೋ ವಿದ್ಯೆ ಕಲಿತಿದ್ದೀನಿ. ಈಗ ಡಾಕ್ಟರ ಎದುರಿಗೆ, ನಿಮ್ಮೆಲ್ಲರ ಎದುರಿಗೆ, ನನ್ನ ಹಸುವಿನ ಕುಂಟು ನಾನೇ ವಾಸಿ ಮಾಡಿ ತೋರಿಸ್ತೀನಿ. ಕರ್ಕೊಂಡು ಬಾ.”

ವಾಚಿನವನು ಹೆಂಡತಿಯ ಕಡೆ ತಿರುಗಿ ಪಿಸುಗುಟ್ಟಿದ. “ಕುಂಟೋದು ನಿನಗೆ ಗೊತ್ತಿತ್ತಾ?”

“ಮನೇಲಿ ಎಲ್ಲರಿಗೂ ಗೊತ್ತು. ಅದಕ್ಕೇ ತಿಂಗಳಿಂದ ಕೊಟ್ಟಿಗೆಯಿಂದ ಹೊರಗೆ ಬಿಟ್ಟಿಲ್ಲ.”

“ನನಗೆ ಗೊತ್ತಿರಲಿಲ್ಲ.”

“ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ದಿನಾ ಎರಡು ಹೊತ್ತು ಅವಳ ಪಕ್ಕದಲ್ಲೇ ಕೈ ತೊಳೀತೀರಿ. ಅಲ್ಲ, ಬೆಳಿಗ್ಗೆ ಹೇಳಿರಲಿಲ್ವಾ ನಾನು, ಏನೂ ಮಾಡಬೇಡಿ ಅಂತ? ನನ್ನ ಟಬ್ಬು ಯಾಕೆ ನೀಲಿ ಇದೆ?”

ದೊರೆಸಾನಿ ಬಂದಳು. ಯಾರೂ ಎಳೆಯಲಿಲ್ಲ. ತಾನಾಗಿ ಹಿತ್ತಲಿನಿಂದ ಬೀದಿಗೆ, ತೇರಿನಂತೆ ನೆಟ್ಟಗೆ, ನಾಲ್ಕು ಕಾಲಿಗೂ ಸಮನಾದ ಗೌರವ ಕೊಡುತ್ತ ನಡೆದುಬಂದು ಮಾವನ ಅಂಗಿ ಮೂಸಿದಳು.

ಮಾವ ಬಗ್ಗಿ ನೋಡಿದರು. ಒಂದು ಸುತ್ತು ಬಂದರು. ಮನೆಯಲ್ಲಿಟ್ಟು ಹೋದ ಸಾಮಾನು ಕಾಣದವರಂತೆ ಕೇಳಿದರು. “ಕುಂಟು ಎಲ್ಲಿ?”

ಬಡಗಿ ಮೊಳೆ ಮತ್ತೆ ಬಾಯಿಗಿಟ್ಟುಕೊಂಡ. ಮಾವ ಅಳಿಯನ ಕಡೆ ತಿರುಗಿದರು.

“ಹೇಗೆ ಬಿಟ್ಟು ಹೋಗಿದ್ದೆನೋ ಹಾಗೇ ಇರಬೇಕು ಅಂದಿದ್ದೆ.”

“ಮಾವ, ನೋವಿತ್ತು, ಅದಕ್ಕೆ...”

“ಹೆಚ್ಚೂ ಆಗಬಾರದು, ಕಮ್ಮಿನೂ ಆಗಬಾರದು ಅಂದಿದ್ದೆ.”

ವಾಚಿನವನಿಗೆ ಉಳಿದದ್ದು ಒಂದೇ ಅಸ್ತ್ರ. ಜೇಬಿನಿಂದ ಗುಂಡಿ ತೆಗೆದು ಮಾವನ ಅಂಗೈಯಲ್ಲಿಟ್ಟ. “ಇದು ನಿಮ್ಮ ವಾಚಿಂದು ಮಾವ. ಗೊರಸಲ್ಲಿ ಚುಚ್ಚಿಕೊಂಡಿತ್ತು. ಕೊಟ್ಟಿಗೇಲಿ ಬಿದ್ದಿದ್ದು.” ಆರು ವರ್ಷದಲ್ಲಿ ಮೊದಲ ಸಲ ಅವನು ಮಾವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

ಮಾವ ಕನ್ನಡಕ ಏರಿಸಿ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕೊಟ್ಟಿಗೇಲಿ ಯಾಕೆ ಬೀಳಿಸಿದೆ?”

“ನಾನಾ?”

“ವಾಚ್ ರಿಪೇರಿಯವನ ಮನೇಲಿ ವಾಚಿನ ಸಾಮಾನು ಬಿದ್ದಿದ್ರೆ ಬೀಳಿಸಿದ್ದು ಯಾರು ಅಂತ ಊರಲ್ಲಿ ವಿಚಾರಿಸಬೇಕಾ?”

ನೆರೆದವರು ಯೋಚಿಸಿದರು. ಮಾತಿನಲ್ಲಿ ಹುರುಳಿತ್ತು. ಮೊದಲು ತಲೆಯಾಡಿಸಿದವಳು ಕಿಟಕಿ ಅಕ್ಕ.

ಅಷ್ಟರಲ್ಲಿ ಡಾಕ್ಟರು ದೊರೆಸಾನಿಯ ಕಾಲಿನ ಬಳಿ ಕೂತವರು ಎದ್ದೇ ಇರಲಿಲ್ಲ. ಟಾರ್ಚು ಹಾಕಿ ನೋಡಿದರು, ಬೆರಳಿನಿಂದ ಒತ್ತಿ ನೋಡಿದರು. “ಇದನ್ನ ಕೆತ್ತಿದ್ದು ಯಾರು?”

ಎಲ್ಲರ ಬೆರಳೂ ವಾಚಿನವನ ಕಡೆ ಹೋಯಿತು. ತಪ್ಪಿತಸ್ಥನನ್ನು ಹಿಡಿದುಕೊಡುವಷ್ಟು ಉತ್ಸಾಹದಿಂದ.

“ಒಂದು ಹನಿ ರಕ್ತ ಬಂದಿಲ್ಲ. ಎಷ್ಟು ಬೇಕೋ ಅಷ್ಟೇ ತೆಗೆದಿದ್ದಾರೆ. ಅಟ್ಟೆನೂ ಸರಿಯಾದ ಹೋಳಿಗೇ ಇದೆ. ಇದರಲ್ಲೇ ನಮ್ಮವರು ಅರ್ಧ ಜನ ತಪ್ಪು ಮಾಡ್ತಾರೆ.” ಡಾಕ್ಟರು ಎದ್ದು ಅವನ ಕೈ ಹಿಡಿದು ಬೆರಳುಗಳನ್ನು ನೋಡಿದರು. “ಇಪ್ಪತ್ತು ಜನಕ್ಕೆ ವಾರ ಪಾಠ ಮಾಡಿದೆ. ಇಂಥ ಕೈ ಒಂದೂ ಸಿಗಲಿಲ್ಲ. ನಿಮ್ಮ ಮಾವ ಮೊದಲನೇ ದಿನವೇ ಹಸು ಬಿಟ್ಟು ತಮ್ಮ ಹೆಬ್ಬೆರಳು ಕೆತ್ತಿಕೊಂಡರು. ಪಾಪ, ಈ ಕಡೆಗೊಂದು ಗೊರಸಿನ ಕೇಂದ್ರ ತೆರೀತೀನಿ ಅಂತ ಒಪ್ಪಿಕೊಂಡು ದನ ನಿಲ್ಲಿಸಿ ಕಟ್ಟೋ ಚೌಕಟ್ಟು ಬೇರೆ ತಂದಿದ್ದಾರೆ. ಹೇಗಪ್ಪ ನಡೆಸ್ತಾರೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಿದ್ದೆ.”

ಮಾವ ತಮ್ಮ ಹೂಕೋಸನ್ನು ನೋಡಿದರು. ಅಳಿಯನ ಬೆರಳುಗಳನ್ನು ನೋಡಿದರು. ನೆಟ್ಟಗೆ ನಿಂತ ದೊರೆಸಾನಿಯನ್ನು ನೋಡಿದರು. ಆಮೇಲೆ ಆರು ವರ್ಷದಿಂದ ಅಳಿಯ ಕಾದಿದ್ದ ಮಾತು ಅವರ ಬಾಯಿಂದ ಬಂತು.

“ಮುಂದಿನ ಕೋಣೆ ನಿನಗೆ.”

ವಾಚಿನವನು ಖುಷಿಪಡಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ನಾಲ್ಕು ಜನ ಆಗಲೇ ಚೌಕಟ್ಟನ್ನು ವ್ಯಾನಿನಿಂದ ಇಳಿಸುತ್ತಿದ್ದರು.

ಬೀದಿಗೆ ಬೀದಿಯೇ ಕೆಲಸಕ್ಕೆ ಸೇರಿತು. ಅಟ್ಟೆಗಳ ಜವಾಬ್ದಾರಿ ತನ್ನದೆಂದ ಬಡಗಿ. ಒಳ್ಳೇ ಹೋಳಿಗೇ ಕೊಡಬೇಕೆಂಬುದನ್ನು ಡಾಕ್ಟರಿಗೇ ವಿವರಿಸತೊಡಗಿದ್ದ. ದನಗಳನ್ನು ನಡೆಸಿ ಪರೀಕ್ಷಿಸುವುದು ತಮ್ಮ ಪಾಲು ಎಂದರು ಮಾಸ್ತರು, ಎದೆಯುಬ್ಬಿಸಿ, ನೀಲಿ ಬೂಟಿನಲ್ಲಿ. ಸುದ್ದಿ ಮುಟ್ಟಿಸುವ ಕೆಲಸವನ್ನು ಯಾರೂ ಯಾರಿಗೂ ವಹಿಸಲಿಲ್ಲ. ಅಕ್ಕ ಆಗಲೇ ಹೋಗಿಯಾಗಿತ್ತು. ಬೂಸಾ ಮೂಟೆಗಳು ಒಂದೊಂದಾಗಿ ಹೊರಬಿದ್ದವು, ಜಗಲಿಯ ಮೇಲೆ, ಗಡಿಯಾರಗಳ ಪಕ್ಕಕ್ಕೆ. ಅಂಗಡಿಗೆ ಮೊದಲಿದ್ದ ಜಾಗದಲ್ಲಿ ಅರ್ಧ ಉಳಿಯಿತು.

“ಮಾವ, ವಾಚಿನ ಕೆಲಸ?” ಎಂದ ಅವನು.

“ಅದು ಇರಲಿ. ದನ ಇಲ್ಲದ ಹೊತ್ತಲ್ಲಿ ಮಾಡ್ಕೋ.” ಮಾವ ಗುಂಡಿಯನ್ನು ಅವನ ಕೈಗೆ ವಾಪಸು ಕೊಟ್ಟರು. “ಮೊದಲು ಇದನ್ನ ಹಾಕು. ಮತ್ತೆ ಕಳೀಬೇಡ.” ಎಂದವರು ತಿರುಗಿ, “ಮಾಸ್ತರೇ, ಗಂಟೆ ಎಷ್ಟು?”

ಕೋಣೆಯೊಳಗೆ ಚೌಕಟ್ಟನ್ನು ಹೊತ್ತವರು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಆಗ ಮಾವನಿಗೆ ನೆಲದ ಮೇಲಿನ ಸುಣ್ಣದ ಗೆರೆ ಕಂಡಿತು. “ಇಲ್ಲೇ ಗುರುತು ಇದೆ ನೋಡಿ” ಎಂದರು. ಇಳಿಸಿದರು. ಆರಡಿಗೆ ಆರಡಿ, ಮೂರಡಿಗೆ ಮೂರಡಿ. ಕಬ್ಬಿಣದ ನಾಲ್ಕು ಕಾಲೂ ನಾಲ್ಕು ಮೂಲೆಯಲ್ಲಿ, ಒಂದು ನೂಲೂ ಆಚೀಚೆ ಆಗದೆ ಕೂತವು.

ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಆರು ವರ್ಷದಲ್ಲಿ ಮೊದಲನೆಯ ಹೊಗಳಿಕೆ ಬಂತು.

“ಮೊದಲೇ ಯೋಚಿಸಿ ಅಳತೆ ತೆಗೆದಿಟ್ಟಿದ್ದೀಯ. ಪರವಾಗಿಲ್ಲ ನೀನು.”

ಹೊರಗೆ ಬೀದಿಯ ತುದಿಯಿಂದ ಒಂದು ಎಮ್ಮೆಯ ಕೂಗು ಕೇಳಿಸಿತು. ಅದರ ಹಿಂದೆಯೇ ಕಿಟಕಿ ಅಕ್ಕನ ದನಿ. “ತಮ್ಮಾ, ಕನ್ನಡಿ ಕಣ್ಣಿಗೆ ಹಾಕ್ಕೋ. ಐದು ಬರ್ತಿವೆ.”